ಹೂಳನ್ನು ಹೂಳಿದ ಮೇಲೆ

ಬೇಸಗೆಯಲ್ಲಿ ಕೆರೆ ಬತ್ತಿದ ಮೇಲೆ ಅದರ ಗೋಡನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುವುದು ನಮ್ಮ ಬಯಲುಸೀಮೆಯ ರೈತರ ಹಳೆಯ ಪದ್ಧತಿ. ಕೆರೆಗೂ ಲಾಭ, ಹೊಲಕ್ಕೂ ಲಾಭ. ಹೂಳೆಂದರೆ ಗೊಬ್ಬರ ಎಂದೇ ತಿಳಿದು ಬೆಳೆದ ನಾವು, ಹೂಳೆಂದರೆ ಹೆದರಬೇಕಾದ ವಸ್ತುವೂ ಹೌದೆಂಬುದನ್ನು ಈ ದೇಶಕ್ಕೆ ಬಂದ ಮೇಲೆ ಕಲಿಯಬೇಕಾಯಿತು. ಇಲ್ಲಿಯ ಹಳೆಯ ಕೈಗಾರಿಕಾ ಬಂದರುಗಳ ಮತ್ತು ನದೀಮುಖಗಳ ತಳದಲ್ಲಿ ಕುಳಿತಿರುವ ಕೆಸರಿನಲ್ಲಿ ಪಾದರಸ, ಸೀಸ, ಸತು, ಹಡಗಿನ ಬಣ್ಣದಿಂದ ಬಂದ ತವರದ ಸಂಯುಕ್ತಗಳು, ಕಲ್ಲಿದ್ದಲ ಟಾರಿನ ಅಂಶಗಳು ಎಲ್ಲವೂ ಇವೆ. ಹಡಗು ಬರಬೇಕಾದರೆ ಈ ಹೂಳನ್ನು ಎತ್ತಲೇಬೇಕು. ಎತ್ತಿದ ಮೇಲೆ ಅದನ್ನು ಹೊಲಕ್ಕೆ ಹೊಡೆಯುವಂತಿಲ್ಲ. ಹಾಗಾದರೆ ಎಲ್ಲಿ ಹಾಕುವುದು? ಹಾಕಿದ ಮೇಲೆ ಅದು ಹಾಕಿದಲ್ಲಿಯೇ ಇದೆಯೆಂದು ನೋಡುವವರು ಯಾರು?

ಯುಗಾದಿಯ ವರದಿ, ಮಕ್ಕಳ ಕನ್ನಡ ತರಗತಿಯ ಸುದ್ದಿ, ಪ್ರವಾಸಕಥನಗಳ ನಡುವೆ ಕೆಸರಿನ ಲೇಖನವೇ ಎಂದು ಕೆಲವು ಓದುಗ ಬಂಧುಗಳು ಮೂಗು ಮುರಿಯಬಹುದು. ಆದರೆ ಒಂದು ಸಂಗತಿ ಗಮನಿಸಬೇಕು. ಬರ್ಮಿಂಗ್‌ಹ್ಯಾಮಿನ ಮನೆಗಳಲ್ಲಿ ಪಾತ್ರೆ ತೊಳೆದ ನೀರು, ಶುದ್ಧೀಕರಣದ ನಂತರ, ಟೇಮ್ ನದಿ ಸೇರಿ, ಅಲ್ಲಿಂದ ಟ್ರೆಂಟ್ ಸೇರಿ, ಹಂಬರ್ ನದೀಮುಖದ ಮೂಲಕ ಉತ್ತರ ಸಮುದ್ರಕ್ಕೆ ಹೋಗುತ್ತದೆ. ಲೀಡ್ಸಿನ ನೀರು ಏರ್ ನದಿಯಿಂದ ಊಸ್ ನದಿಗೆ ಬಂದು ಅದೇ ಹಂಬರನ್ನು ಕೂಡುತ್ತದೆ. ಮ್ಯಾಂಚೆಸ್ಟರಿನದು ಪಶ್ಚಿಮದ ದಾರಿ: ಇರ್ವೆಲ್, ಹಡಗುಕಾಲುವೆ, ಮರ್ಸಿ, ಕೊನೆಗೆ ಲಿವರ್‌ಪೂಲ್ ಕೊಲ್ಲಿ. ಸಮುದ್ರಕ್ಕೂ ನಮಗೂ ಸಂಬಂಧವಿಲ್ಲವೆಂದು ಹೇಳುವ ಹಕ್ಕು ಈ ಮೂರು ಊರುಗಳಲ್ಲಿ ಯಾವುದಕ್ಕೂ ಇಲ್ಲ. ಇನ್ನು ಮೀನು ತಿನ್ನುವ ಮನೆಗಳಿಗೆ, ಅಂದರೆ ಸಂಘದ ಕರಾವಳಿಯ ಬಂಧುಗಳಿಗೆ, ಬೇರೆ ಕಾರಣ ಹೇಳಬೇಕಾಗಿಲ್ಲ.

ಮ್ಯಾಂಚೆಸ್ಟರಿನ ಪಶ್ಚಿಮಕ್ಕೆ ಡೇವಿಹ್ಯೂಮ್ ಎಂಬಲ್ಲಿ 1894ರಲ್ಲಿ ಪ್ರಾರಂಭವಾದ ಕೊಳಚೆ ಶುದ್ಧೀಕರಣ ಕೇಂದ್ರವಿದೆ. ಕೊಳಚೆಯಲ್ಲಿಯೇ ಬೆಳೆಯುವ ಸೂಕ್ಷ್ಮಜೀವಿಗಳಿಗೆ ಗಾಳಿ ಊದಿ, ಅವುಗಳಿಂದಲೇ ಕೊಳಚೆಯನ್ನು ಶುದ್ಧಮಾಡಿಸುವ ವಿಧಾನವನ್ನು ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು 1914ರಲ್ಲಿ ಮ್ಯಾಂಚೆಸ್ಟರಿನ ರಸಾಯನಜ್ಞರ ಸಭೆಯೊಂದರಲ್ಲಿ ಪ್ರಕಟಿಸಿದರು. ಜಗತ್ತಿನ ಎಷ್ಟೋ ದೊಡ್ಡ ಊರುಗಳು ಇಂದು ಬಳಸುವುದು ಇದೇ ವಿಧಾನವನ್ನು, ಇಲ್ಲವೆ ಇದರ ಮಕ್ಕಳು ಮೊಮ್ಮಕ್ಕಳನ್ನು. ಆ ಇಬ್ಬರಿಗೆ ದಾರಿ ತೋರಿಸಿದವರು ಗಿಲ್ಬರ್ಟ್ ಫೌಲರ್. ಕನ್ನಡಿಗರಿಗೆ ಈ ಹೆಸರು ಇನ್ನೊಂದು ಕಾರಣಕ್ಕಾಗಿ ಪರಿಚಿತವಾಗಬೇಕು. 1916ರಲ್ಲಿ ಇವರು ಬೆಂಗಳೂರಿಗೆ ಬಂದು, ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1924ರವರೆಗೆ ಪ್ರಾಧ್ಯಾಪಕರಾಗಿದ್ದರು. ಅಲ್ಲಿಯ ಜೀವರಸಾಯನ ವಿಭಾಗ ತನ್ನ ಮೊದಲ ಹೆಜ್ಜೆಗಳನ್ನು ಇಟ್ಟದ್ದು ಅವರ ಕೈ ಹಿಡಿದು.

ಇಷ್ಟು ಬುದ್ಧಿ ಖರ್ಚುಮಾಡಿ ನೀರನ್ನು ತಿಳಿಮಾಡಿದರೂ, ಬೆಣ್ಣೆ ಕಾಯಿಸಿದ ಪಾತ್ರೆಯ ಅಡಿಯಲ್ಲಿ ಉಳಿಯುವಂತೆ, ಗಸಿ ಉಳಿದೇ ಉಳಿಯಿತು. ಆ ಗಸಿಯನ್ನು ಮ್ಯಾಂಚೆಸ್ಟರಿನವರು ಹಡಗಿಗೆ ತುಂಬಿ, ಹಡಗುಕಾಲುವೆಯಲ್ಲಿ ಇಳಿದು, ಲಿವರ್‌ಪೂಲ್ ಕೊಲ್ಲಿಯಲ್ಲಿ ಸುರಿದು ಬರುತ್ತಿದ್ದರು. 19ನೆಯ ಶತಮಾನದ ಕೊನೆಗೆ ಪ್ರಾರಂಭವಾದ ಈ ಓಡಾಟ ಸುಮಾರು ನೂರು ವರ್ಷ ನಡೆಯಿತು. 1970ರ ದಶಕದ ಮೊದಲಲ್ಲಿ ಇದಕ್ಕೆಂದೇ ಕಟ್ಟಿಸಿದ ಹಡಗೊಂದಕ್ಕೆ ಫೌಲರ್ ಅವರ ಹೆಸರನ್ನೇ ಇಟ್ಟಿದ್ದರು! ಕೊಳಚೆಯನ್ನು ಗೊಬ್ಬರವಾಗಿ ಮಣ್ಣಿಗೆ ಮರಳಿಸಬೇಕೆಂದು ವಾದಿಸುತ್ತಿದ್ದ ಮನುಷ್ಯನ ಹೆಸರು ಅದನ್ನು ಸಮುದ್ರಕ್ಕೆ ಸುರಿಯುವ ಹಡಗಿಗೆ. ಗೌರವವೆಂದುಕೊಂಡೇ ಮಾಡಿರಬೇಕು, ಇರಲಿ. 1991ರ ಯೂರೋಪಿನ ನಿರ್ದೇಶನದಂತೆ 1998ರ ಕೊನೆಗೆ ಬ್ರಿಟನ್ ಕೊಳಚೆಯ ಗಸಿಯನ್ನು ಸಮುದ್ರಕ್ಕೆ ಸುರಿಯುವುದನ್ನು ನಿಲ್ಲಿಸಿತು.

ಈ ನೂರು ವರ್ಷದ ಹಿಂದಿದ್ದ ನಂಬಿಕೆ ಬಹಳ ಸರಳವಾದದ್ದು. ಸಮುದ್ರ ದೊಡ್ಡದು, ಹಾಕಿದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ ಕರಗಿಹೋಗುತ್ತದೆ ಎಂಬುದೇ ಆ ನಂಬಿಕೆ. ಹುಣಿಸೆಹಣ್ಣಿನ ಮಟ್ಟಿಗೆ ಇದು ನಿಜ. ಪಾದರಸದ ಮಟ್ಟಿಗೆ ಅಲ್ಲ. ಪಾದರಸ ಮೂಲವಸ್ತು. ಅದು ಕೊಳೆಯುವುದಿಲ್ಲ, ಸುಡುವುದಿಲ್ಲ, ಮುದಿಯಾಗುವುದಿಲ್ಲ. ಒಂದು ರೂಪ ಬಿಟ್ಟು ಇನ್ನೊಂದು ರೂಪ ತಾಳುತ್ತದೆ, ಅಷ್ಟೆ. ಮರ್ಸಿ ನದೀಮುಖದ ರನ್‌ಕಾರ್ನಿನಲ್ಲಿ 1897ರಿಂದಲೇ ಪಾದರಸದ ಕೋಶಗಳಲ್ಲಿ ಉಪ್ಪುನೀರಿಗೆ ವಿದ್ಯುತ್ ಹರಿಸಿ ಕ್ಲೋರಿನ್ ಮತ್ತು ಕಾಸ್ಟಿಕ್ ಸೋಡ ತಯಾರಿಸುತ್ತಿದ್ದರು. ನಾವು ಉಡುವ ಬಟ್ಟೆ, ಕುಡಿಯುವ ನೀರು, ಬಳಸುವ ಸೋಪು ಇವುಗಳ ಹಿಂದೆಲ್ಲ ಆ ಕ್ಲೋರಿನ್ ಮತ್ತು ಸೋಡ ಇದ್ದುವು. ಆದ್ದರಿಂದ ಕಾರ್ಖಾನೆಯವರನ್ನೇ ಬೈದು ಸುಮ್ಮನಾಗುವುದು ನ್ಯಾಯವಲ್ಲ. ಹಾಗೆ ಸೋರಿದ ಪಾದರಸದಲ್ಲಿ ಬಹುಪಾಲು ಮರ್ಸಿಯ ಕೆಸರಿಗೆ ಅಂಟಿಕೊಂಡಿತು. 1985ರಿಂದ 2010ರವರೆಗೆ ನಡೆದ ಮರ್ಸಿ ಶುದ್ಧೀಕರಣದ ಆಂದೋಲನದಿಂದ ನದಿಯ ನೀರೇನೋ ತಿಳಿಯಾಯಿತು, ಮೀನು ಮರಳಿ ಬಂತು. ಕೆಸರು ಮಾತ್ರ ಹಳೆಯ ಲೆಕ್ಕವನ್ನು ಇನ್ನೂ ಪದರ ಪದರವಾಗಿ ಇಟ್ಟುಕೊಂಡಿದೆ. ದಡದ ಜೌಗಿನಲ್ಲಿ ಕೊಳವೆ ಇಳಿಸಿ ಕೆಸರಿನ ಕಂಬವನ್ನು ಮೇಲೆತ್ತಿ ಹೋಳುಮಾಡಿ ಅಳೆದರೆ, 20ನೆಯ ಶತಮಾನದ ನಡುಗಾಲದ ಪದರಗಳಲ್ಲಿ ಪಾದರಸ ಏರಿದ್ದು, ಅನಂತರ ಇಳಿದದ್ದು ಪಟವಾರಿಯ ಪುಸ್ತಕದಂತೆ ಕಾಣುತ್ತದೆ.

ಕೊಳಚೆಯ ಗಸಿಯನ್ನು ಸುರಿಯುವುದು ನಿಂತರೂ ಬಂದರಿನ ಹೂಳನ್ನು ಸುರಿಯುವುದು ನಿಂತಿಲ್ಲ, ನಿಲ್ಲುವಂತೆಯೂ ಇಲ್ಲ. ಮರ್ಸಿಯಿಂದ ಎತ್ತಿದ ಹೂಳಿಗೆ ಲಿವರ್‌ಪೂಲ್ ಕೊಲ್ಲಿಯಲ್ಲಿ ಸೈಟ್ ಝಡ್ ಮೊದಲಾದ ಗೊತ್ತುಪಡಿಸಿದ ಜಾಗಗಳಿವೆ. ಹಾಕುವ ಮೊದಲು ಹೂಳನ್ನು ಪರೀಕ್ಷಿಸುತ್ತಾರೆ. ಇಂಗ್ಲೆಂಡಿನಲ್ಲಿ ಬಳಸುತ್ತ ಬಂದ ಪಟ್ಟಿಯ ಪ್ರಕಾರ, ಒಂದು ಕಿಲೋ ಒಣಹೂಳಿನಲ್ಲಿ 0.3 ಮಿಲಿಗ್ರಾಂಗಿಂತ ಕಡಿಮೆ ಪಾದರಸವಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ. 3 ಮಿಲಿಗ್ರಾಂ ದಾಟಿದರೆ ಸಾಮಾನ್ಯವಾಗಿ ಸಮುದ್ರಕ್ಕೆ ಹಾಕಲು ಬಿಡುವುದಿಲ್ಲ. ಇವೆರಡರ ನಡುವೆ ಹತ್ತು ಪಟ್ಟು ಅಂತರವಿದೆಯಷ್ಟೆ? ಅಲ್ಲಿ ಪರಿಣತರ ವಿವೇಚನೆ. ಜಗಳಗಳೆಲ್ಲ ನಡೆಯುವುದು ಈ ನಡುಮನೆಯಲ್ಲಿಯೇ.

ಹೆಚ್ಚು ಕೆಟ್ಟ ಹೂಳಿಗೆ ಕಂಡುಕೊಂಡ ಉಪಾಯಗಳಲ್ಲೊಂದು ಸಮುದ್ರತಳದಲ್ಲಿಯೇ ಗುಂಡಿ ತೋಡಿ ಅದರಲ್ಲಿ ಹೂಳುವುದು. ಹಾಂಗ್‌ಕಾಂಗಿನಲ್ಲಿ ಈಸ್ಟ್ ಷಾ ಚೌ ಎಂಬ ಕಡೆ 1992ರಿಂದ ಹೀಗೆ ಮಾಡುತ್ತ ಬಂದರು. ಗುಂಡಿಯನ್ನು ಮಲಿನ ಕೆಸರಿನಿಂದ ಸುತ್ತಣ ತಳಕ್ಕಿಂತ ಕೆಳಮಟ್ಟದವರೆಗೆ ಮಾತ್ರ ತುಂಬಿ, ಮೇಲೆ ಶುದ್ಧ ಕೆಸರಿನ ದಪ್ಪ ಹೊದಿಕೆ ಹೊದಿಸುತ್ತಾರೆ. ಇದನ್ನು ಕೇಳಿದಾಕ್ಷಣ, ಕಸವನ್ನು ಚಾಪೆಯ ಕೆಳಗೆ ಗುಡಿಸಿದಂತಾಯಿತಲ್ಲ, ಎಂದು ಯಾರಿಗಾದರೂ ಅನಿಸುತ್ತದೆ. ರಸಾಯನಜ್ಞರಾಗಿ ನಮಗೆ ಹಾಗೆ ಅನಿಸುವುದಿಲ್ಲ. ಆಮ್ಲಜನಕ ತಲುಪದ ಕಪ್ಪು ಕೆಸರಿನಲ್ಲಿ ಗಂಧಕವು ಸತು, ಸೀಸ, ಕ್ಯಾಡ್ಮಿಯಮ್‌ಗಳನ್ನು ಸಲ್ಫೈಡುಗಳಾಗಿ ಕಟ್ಟಿಹಾಕುತ್ತದೆ. ಕೊಳೆತ ಮೊಟ್ಟೆಯ ವಾಸನೆ ಹೊಡೆಯುವ ಕೆಸರು ಮೂಗಿಗೆ ಅಸಹ್ಯವಾದರೂ ಲೋಹಗಳಿಗೆ ಒಳ್ಳೆಯ ಸೆರೆಮನೆ. ಅದೇ ಕೆಸರನ್ನು ಎತ್ತಿ ದಡದ ಮೇಲೆ ಹರಡಿದರೆ ಗಾಳಿ ತಾಗಿ ಗಂಧಕ ಆಮ್ಲವಾಗುತ್ತದೆ, ಕೈದಿಗಳು ಬಿಡುಗಡೆಯಾಗುತ್ತಾರೆ. ಆದ್ದರಿಂದ ನೀರಿನಡಿಯಲ್ಲಿ ಹೂಳುವುದು ಎಷ್ಟೋ ಸಲ ದಡಕ್ಕೆ ತರುವುದಕ್ಕಿಂತ ಮೇಲು, ಸಮುದ್ರದಲ್ಲಿ ಎರಚುವುದಕ್ಕಿಂತ ಖಂಡಿತ ಮೇಲು.

ಇದಕ್ಕೊಂದು ಅಪವಾದವಿದೆ, ಅದನ್ನು ಮುಚ್ಚಿಡಬಾರದು. ಆಮ್ಲಜನಕವಿಲ್ಲದ ಕೆಸರಿನಲ್ಲಿ ವಾಸಿಸುವ ಕೆಲವು ಬ್ಯಾಕ್ಟೀರಿಯಗಳು ಪಾದರಸವನ್ನು ಮಿಥೈಲ್ ಪಾದರಸವನ್ನಾಗಿ ಮಾರ್ಪಡಿಸುತ್ತವೆ. ಸಣ್ಣ ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ತಟ್ಟೆಗೆ ಏರುವುದು ಈ ರೂಪವೇ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ರೋಗದ ಕಥೆ ಬಹುಮಂದಿಗೆ ತಿಳಿದಿದೆ. ಅಲ್ಲಿಯ ಕಾರ್ಖಾನೆಯಿಂದ ಮಿಥೈಲ್ ಪಾದರಸವೇ ನೇರವಾಗಿ ಕೊಲ್ಲಿಗೆ ಹರಿದಿತ್ತು. ಆ ಕಥೆಯ ಉತ್ತರಾರ್ಧ ಅಷ್ಟಾಗಿ ತಿಳಿದಿಲ್ಲ. ಆ ಕೊಲ್ಲಿಯ ಕೆಸರಿನಲ್ಲಿ ಕಿಲೋಗೆ 25 ಮಿಲಿಗ್ರಾಂ ಮೀರಿ ಪಾದರಸವಿದ್ದುದನ್ನೆಲ್ಲ 1977ರಿಂದ 1990ರವರೆಗೆ ಎತ್ತಿ, ಕೊಲ್ಲಿಯದೇ ಒಂದು ಭಾಗಕ್ಕೆ ಗೋಡೆ ಕಟ್ಟಿ ತುಂಬಿ ಮುಚ್ಚಿದರು. ಮೀನು ಹೊರಹೋಗದಂತೆ ಕೊಲ್ಲಿಗೆ ಕಟ್ಟಿದ್ದ ಬಲೆಯನ್ನು ತೆಗೆದದ್ದು 1997ರಲ್ಲಿ, ಮೀನನ್ನು ವರ್ಷ ವರ್ಷವೂ ಅಳೆದು ಅಳೆದು ನಂಬಿಕೆ ಬಂದ ಮೇಲೆ. ರೋಗ ಬೆಳಕಿಗೆ ಬಂದು ಬಲೆ ಇಳಿಯಲು ಹಿಡಿದದ್ದು 41 ವರ್ಷ.

ಹೀಗೆ ನೋಡಿದರೆ ಗುಂಡಿ ತೋಡುವುದೂ ಹೊದಿಕೆ ಹಾಕುವುದೂ ಎಂಜಿನಿಯರುಗಳು ಒಂದೆರಡು ವರ್ಷದಲ್ಲಿ ಮುಗಿಸುವ ಕೆಲಸ. ಅಳೆಯುವ ಕೆಲಸ ಮಾತ್ರ ಗುಂಡಿಗಿಂತ ಮೊದಲೇ ಶುರುವಾಗಬೇಕು, ಗುಂಡಿಯನ್ನು ಎಲ್ಲರೂ ಮರೆತ ಮೇಲೂ ಮುಂದುವರಿಯಬೇಕು. ನಮ್ಮ ಅಭಿಪ್ರಾಯದಲ್ಲಿ ಹೂಳನ್ನು ಹೂಳಲು ಅನುಮತಿ ಕೊಡುವವರು ಮೊದಲು ಕೇಳಬೇಕಾದದ್ದು ಇದನ್ನೇ. ಆದರೆ ಇದು ಅರ್ಜಿಯ ಕೊನೆಯ ಪುಟಗಳಲ್ಲಿ, ಓದುವವರಿಗೆ ನಿದ್ದೆ ಬರುವ ಹೊತ್ತಿಗೆ, ಬರುತ್ತದೆ.

ಅಳೆಯುವುದೆಂದರೇನು ಎಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮೋಸ ಹೋಗುವುದು ಇಲ್ಲಿಯೇ. ಶಬ್ದದ ಅಲೆ ಕಳಿಸಿ ತಳದ ಆಳ ನೋಡುತ್ತಾರೆ. ಹೊದಿಕೆ ತೆಳುವಾಗಿದೆಯೆ, ಬಿರುಗಾಳಿಗೆ ಕೊಚ್ಚಿಹೋಗಿದೆಯೆ ಎಂದು ಅದರಿಂದ ತಿಳಿಯುತ್ತದೆ. ಕಬ್ಬಿಣದ ಬಾಯಿ ಇಳಿಸಿ ಮೇಲ್ಗಡೆಯ ಕೆಸರನ್ನು ಕಚ್ಚಿ ತರುತ್ತಾರೆ. ಕೊಳವೆ ಇಳಿಸಿ ಹೊದಿಕೆಯನ್ನು ಅಡ್ಡಸೀಳಿ ನೋಡುತ್ತಾರೆ. ಹುಳುಗಳನ್ನು ಜರಡಿ ಹಿಡಿದು ಎಣಿಸುತ್ತಾರೆ. ಸುತ್ತಲಿನ ಮೀನು, ಏಡಿ, ಸಿಗಡಿಗಳ ಮಾಂಸವನ್ನು ಪರೀಕ್ಷಿಸುತ್ತಾರೆ. ಇದೆಲ್ಲ ಸರಿಯೆ. ಆದರೆ ಲೋಹ ಅಂಟಿಕೊಳ್ಳುವುದು ನುಣ್ಣನೆಯ ಕಣಗಳಿಗೆ, ಮರಳಿಗಲ್ಲ. ಹೋದ ವರ್ಷ ಮಾದರಿಯಲ್ಲಿ ಜೇಡಿ ಹೆಚ್ಚಿದ್ದು ಈ ವರ್ಷ ಮರಳು ಹೆಚ್ಚಿದ್ದರೆ, ಏನೂ ಬದಲಾಗದೆಯೂ ಸಮುದ್ರ ಶುದ್ಧವಾದಂತೆ ಲೆಕ್ಕ ತೋರಿಸುತ್ತದೆ. 63 ಮೈಕ್ರಾನಿನ ಜರಡಿ ಹಿಡಿದೋ, ಅಲ್ಯೂಮಿನಿಯಮ್ಮಿನ ಪ್ರಮಾಣಕ್ಕೆ ಹೋಲಿಸಿಯೋ ಸರಿದೂಗಿಸದ ಅಂಕಿಗಳನ್ನು ನಾವಂತೂ ನಂಬುವುದಿಲ್ಲ. ಸಾರಿನ ಮೇಲಿನ ತಿಳಿಯನ್ನು ಒಂದು ದಿನ, ಅಡಿಯ ಬೇಳೆಯನ್ನು ಇನ್ನೊಂದು ದಿನ ಬಡಿಸಿ, ಉಪ್ಪು ಹೆಚ್ಚೋ ಕಡಿಮೆಯೋ ಎಂದು ಕೇಳಿದ ಹಾಗೆ ಅದು.

ಎರಡು ನುಡಿಗಟ್ಟುಗಳ ಬಗೆಗೂ ಎಚ್ಚರವಿರಲಿ. ವರದಿಯಲ್ಲಿ ‘ಪತ್ತೆಯಾಗಲಿಲ್ಲ’ ಎಂದಿದ್ದರೆ, ಇಲ್ಲ ಎಂದು ಅರ್ಥವಲ್ಲ, ಆ ಯಂತ್ರಕ್ಕೆ ಕಾಣಿಸಲಿಲ್ಲ ಎಂದರ್ಥ. ಯಂತ್ರದ ಕಣ್ಣು ಎಷ್ಟು ಚುರುಕು ಎಂಬ ಅಂಕಿ ಪಕ್ಕದಲ್ಲಿಯೇ ಇರಬೇಕು. ‘ಗಮನಾರ್ಹ ವ್ಯತ್ಯಾಸವಿಲ್ಲ’ ಎಂದಿದ್ದರೆ, ಎಷ್ಟು ಮಾದರಿ ತೆಗೆದರು ಎಂದು ಕೇಳಬೇಕು. ಮೂರು ಮಾದರಿ ತೆಗೆದವರಿಗೆ ಎಂಥ ವ್ಯತ್ಯಾಸವೂ ಗಮನಾರ್ಹವಾಗದು. ಪಿಎಚ್.ಡಿ. ಇಲ್ಲದವರೂ ಕೇಳಬಹುದಾದ ಪ್ರಶ್ನೆಗಳಿವು, ಹಾಗೂ ಪಿಎಚ್.ಡಿ. ಇದ್ದವರೂ ಎಷ್ಟೋ ಸಲ ಕೇಳದೆ ಬಿಡುವ ಪ್ರಶ್ನೆಗಳು.

ಉತ್ತರ ಇಂಗ್ಲೆಂಡಿನಲ್ಲಿಯೇ ಈ ಬಗೆಯ ಪ್ರಯೋಗವೊಂದು ನಡೆದಿದೆ. ಟೈನ್ ನದಿಯ ದಡದಲ್ಲಿ ತಲೆಮಾರುಗಳ ಕಾಲ ಹಡಗು ಕಟ್ಟಿದರು, ಬಣ್ಣ ಬಳಿದರು. ಹಡಗಿನ ಅಡಿಗೆ ಚಿಪ್ಪುಹುಳು ಹತ್ತದಂತೆ ಬಳಿಯುತ್ತಿದ್ದ ಬಣ್ಣದಲ್ಲಿ ಟ್ರೈಬ್ಯೂಟೈಲ್ ಟಿನ್ ಎಂಬ ತವರದ ಸಂಯುಕ್ತವಿರುತ್ತಿತ್ತು. ಒಂದು ಲೀಟರು ಸಮುದ್ರದ ನೀರಿನಲ್ಲಿ ಇದು ಒಂದು ನ್ಯಾನೋಗ್ರಾಂ, ಎಂದರೆ ಲಕ್ಷ ಕೋಟಿಯಲ್ಲಿ ಒಂದು ಭಾಗ, ಇದ್ದರೂ ಸಾಕು, ಬಂಡೆಗಳ ಮೇಲಿರುವ ಡಾಗ್‌ವೆಲ್ಕ್ ಎಂಬ ಸಣ್ಣ ಶಂಖಜೀವಿಯ ಹೆಣ್ಣಿಗೆ ಗಂಡಿನ ಅಂಗ ಬೆಳೆಯತೊಡಗುತ್ತದೆ. ಕ್ರಮೇಣ ಆ ಬಂಡೆಯ ಮೇಲೆ ಸಂತತಿಯೇ ನಿಲ್ಲುತ್ತದೆ. 1987ರಲ್ಲಿ ಬ್ರಿಟನ್ ಸಣ್ಣ ದೋಣಿಗಳಿಗೆ ಈ ಬಣ್ಣವನ್ನು ನಿಷೇಧಿಸಿತು. 2001ರ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದು ದೊಡ್ಡ ಹಡಗುಗಳಿಗೂ ತಡೆಯಾಯಿತು. ಆದರೆ ಟೈನಿನ ಕೆಸರಿನಲ್ಲಿ ಕೂತಿದ್ದ ಬಣ್ಣದ ಚೂರುಗಳಿಗೆ ಒಪ್ಪಂದ ಓದಲು ಬಾರದಲ್ಲ! 2004-05ರ ಸುಮಾರಿಗೆ ಅಂಥ ಹೂಳಿನ ಒಂದು ಪಾಲನ್ನು ನದೀಮುಖದಾಚೆ ಸೌಟರ್ ಪಾಯಿಂಟ್ ಎಂಬ ಜಾಗದಲ್ಲಿ ಹಾಕಿ, ಮೇಲೆ ಶುದ್ಧ ಹೂಳನ್ನೂ ಮರಳನ್ನೂ ಹೊದಿಸಿದರು. ಹಾಂಗ್‌ಕಾಂಗಿನಂತೆ ಇಲ್ಲಿ ಗುಂಡಿಯಲ್ಲ, ಹೊದಿಕೆಯೇ ಮುಖ್ಯ. ಅನಂತರದ ವರ್ಷಗಳಲ್ಲಿ ಆ ಹೊದಿಕೆಯನ್ನು ಅಳೆಯುತ್ತ ಬಂದರು. ಲೋಸ್ಟಾಫ್ಟಿನಲ್ಲಿ ಮುಖ್ಯ ಪ್ರಯೋಗಶಾಲೆಯಿರುವ ಸೆಫಾಸ್ ಎಂಬ ಸರ್ಕಾರಿ ಸಂಸ್ಥೆ ಆಯ್ದ ಕೆಲವು ಜಾಗಗಳ ಅಳತೆಗಳನ್ನು ವರದಿಗಳಾಗಿ ಪ್ರಕಟಿಸಿದೆ. ಓದಲು ರುಚಿಯಾದ ಸಾಹಿತ್ಯವಲ್ಲ, ಆದರೆ ಯಾರೂ ಓದಬಹುದು. ನಾವು ಮೆಚ್ಚುವುದು ಇದನ್ನು.

ಮೆಚ್ಚಲಾಗದ ಉದಾಹರಣೆ ಅಲ್ಲಿಂದ ಸ್ವಲ್ಪ ದಕ್ಷಿಣಕ್ಕಿದೆ. 2021ರ ಶರತ್ಕಾಲದಲ್ಲಿ ಟೀಸ್ ನದೀಮುಖದ ಆಚೀಚೆ, ಹಾರ್ಟ್ಲ್‌ಪೂಲಿನಿಂದ ವಿಟ್ಬಿಯವರೆಗೆ, ಸತ್ತ ಮತ್ತು ಸಾಯುತ್ತಿದ್ದ ಏಡಿಗಳು ರಾಶಿ ರಾಶಿಯಾಗಿ ದಡಕ್ಕೆ ಬಂದುವು. ಹೂಳೆತ್ತಿದ್ದರಿಂದ ಹಳೆಯ ವಿಷ ಮೇಲೆದ್ದಿತು ಎಂದರು ಮೀನುಗಾರರು. ಪಾಚಿಯ ಹಾವಳಿಯಿರಬಹುದು ಎಂದಿತು 2022ರ ಸರ್ಕಾರಿ ವರದಿ. ಪಿರಿಡೀನ್ ಎಂಬ ರಾಸಾಯನಿಕ ಏಡಿಗಳಿಗೆ ಬಲು ವಿಷಕರವೆಂದು ನ್ಯೂಕ್ಯಾಸಲ್ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿದರು. ಕೊನೆಗೆ ಸ್ವತಂತ್ರ ಪರಿಣತರ ಮಂಡಲಿಯೊಂದು 2023ರ ಜನವರಿಯಲ್ಲಿ ತನ್ನ ವರದಿ ಕೊಟ್ಟಿತು. ಒಂದೇ ಖಚಿತ ಕಾರಣವನ್ನು ಹೇಳಲಾಗುವುದಿಲ್ಲ, ಹೂಳೆತ್ತಿದ್ದರಿಂದ ಹೀಗಾಗಿರುವ ಸಂಭವ ಬಹಳ ಕಡಿಮೆ, ಯಾವುದೋ ಹೊಸ ರೋಗವಿದ್ದಿರಬಹುದು, ಆದರೆ ಅದಕ್ಕೆ ನೇರ ಸಾಕ್ಷ್ಯವಿಲ್ಲ, ಎಂಬುದು ಅದರ ಸಾರಾಂಶ. ಮಂಡಲಿಯ ತರ್ಕದಲ್ಲಿ ನಮಗೆ ದೋಷ ಕಾಣುವುದಿಲ್ಲ. ಆದರೆ ಏಡಿ ಹಿಡಿದು ಹೊಟ್ಟೆ ಹೊರೆಯುವವನ ಬಾಗಿಲಿಗೆ ಹೋಗಿ ಇದನ್ನು ಓದಿ ಹೇಳುವ ಧೈರ್ಯ ನಮಗಿಲ್ಲ. ಅವನು ಕೇಳುವುದು ಒಂದೇ ಮಾತು: ಹಿಂದಿನ ವರ್ಷ, ಅದರ ಹಿಂದಿನ ವರ್ಷ, ಇದೇ ಏಡಿಗಳ ಮೈಯಲ್ಲಿ ಏನಿತ್ತು, ಇದೇ ತಳದಲ್ಲಿ ಏನಿತ್ತು? ಅನಾಹುತ ಆದ ಮೇಲೆ ಎಷ್ಟು ಅಳೆದರೂ ‘ಮೊದಲು’ ಎಂಬ ಅಳತೆಯನ್ನು ಹಿಂದಕ್ಕೆ ಹೋಗಿ ಮಾಡಿಬರಲಾಗುವುದಿಲ್ಲ. ಒಂದೊಂದು ಮಾದರಿಯನ್ನು ತೆಗೆದು ಪುಡಿಮಾಡಿ ಶೀಷೆಯಲ್ಲಿಟ್ಟು ಬೀಗ ಹಾಕಿಟ್ಟಿದ್ದರೂ ಸಾಕು, ಇಂದಿನ ಯಂತ್ರಗಳು ಹಳೆಯ ಶೀಷೆಗಳಿಂದ ಎಷ್ಟೋ ಸಾಕ್ಷ್ಯ ಹೊರಡಿಸುತ್ತವೆ.

ಬಂದರಿನವರ ವಾದವನ್ನೂ ಕೇಳಬೇಕು. ಬಂದರಿದ್ದರೆ ಕೆಲಸ, ಕೆಲಸವಿದ್ದರೆ ಊರು. ಟೀಸ್‌ಸೈಡಿನಂಥ ಬಡವಾದ ಜಾಗಗಳಲ್ಲಿ ಇದು ಸಣ್ಣ ಮಾತಲ್ಲ. ಪರೀಕ್ಷೆ, ಪರೀಕ್ಷೆ ಎಂದು ವರ್ಷಗಟ್ಟಲೆ ಹಿಡಿದರೆ ಹಡಗು ಬೇರೆ ಬಂದರಿಗೆ ಹೋಗುತ್ತದೆ. ಒಪ್ಪಿದೆವು. ಆದರೆ ಅಳತೆಯಿಂದ ಬಂದರಿಗೆ ಲಾಭವೂ ಆಗುತ್ತದೆಂಬುದಕ್ಕೆ ರಾಟರ್‌ಡ್ಯಾಮ್ ಸಾಕ್ಷಿ. ಅಲ್ಲಿಯವರು 1980ರ ದಶಕದಲ್ಲಿ ಸ್ಲುಫ್ಟರ್ ಎಂಬ ಬೃಹತ್ ಗುಂಡಿಯನ್ನು ಸಮುದ್ರದಂಚಿನಲ್ಲಿ ಕಟ್ಟಿದರು. ಸಮುದ್ರಮಟ್ಟಕ್ಕಿಂತ 28 ಮೀಟರು ಆಳ, ಸುಮಾರು 15 ಕೋಟಿ ಘನಮೀಟರು ಹಿಡಿಯುವಂಥದು. ಅಷ್ಟಕ್ಕೆ ನಿಲ್ಲದೆ, ಹೂಳಿನಲ್ಲಿರುವ ಲೋಹ ಎಲ್ಲಿಂದ ಬಂತೆಂದು ರೈನ್ ನದಿಯುದ್ದಕ್ಕೂ ಮೇಲಕ್ಕೆ ಅಳೆಯುತ್ತ ಹೋದರು. ನಿಮ್ಮ ಕೊಳವೆಯಿಂದ ಇಷ್ಟು ಬರುತ್ತಿದೆಯೆಂಬ ಅಂಕಿಗಳನ್ನು ಕಾರ್ಖಾನೆಗಳ ಮುಂದಿಟ್ಟರು. ಕೋರ್ಟಿಗೆ ಹೋಗುವುದಕ್ಕಿಂತ ಒಪ್ಪಂದವೇ ಲೇಸೆಂದು ಅವರಲ್ಲಿ ಹಲವರು ಹಿಡಿತಕ್ಕೆ ಬಂದರು. ಹೂಳು ವರ್ಷದಿಂದ ವರ್ಷಕ್ಕೆ ಶುದ್ಧವಾಯಿತು. ಬೇಗನೆ ತುಂಬೀತೆಂದು ಎಣಿಸಿದ್ದ ಗುಂಡಿ ಎಣಿಕೆಗಿಂತ ಬಹಳ ನಿಧಾನವಾಗಿ ತುಂಬಿತು.

ಯಾರು ಅಳೆಯಬೇಕು, ಎಷ್ಟು ಕಾಲ ಅಳೆಯಬೇಕು ಎಂಬುದರಲ್ಲಿ ನಮ್ಮ ನಿಲುವು ಹೀಗಿದೆ. ಖರ್ಚು ಹೂಳುವವರದು, ಆದರೆ ಅಳೆಯುವ ಕೈ ಅವರದಾಗಬಾರದು. ಹೊದಿಕೆ ಮುಗಿದ ದಿನವೇ ಮುಂದಿನ 30 ವರ್ಷದ ಅಳತೆಯ ಹಣವನ್ನು ಬೇರೆ ತೆಗೆದು ಇಡಿಸಬೇಕು. ಏಕೆಂದರೆ ಕಂಪನಿಗಳು ಹೆಸರು ಬದಲಾಯಿಸುತ್ತವೆ, ಮಾರಾಟವಾಗುತ್ತವೆ, ಮುಚ್ಚುತ್ತವೆ. ಸರ್ಕಾರದ ಇಲಾಖೆಗಳೂ ಅಷ್ಟೆ: ಇಂಗ್ಲೆಂಡಿನಲ್ಲಿ ಸಮುದ್ರಕ್ಕೆ ಸುರಿಯುವ ಅನುಮತಿಯ ಕಾನೂನು 1974ರಲ್ಲೊಂದು, 1985ರಲ್ಲೊಂದು, 2009ರಲ್ಲೊಂದು ಬಂತು. ಅನುಮತಿ ಕೊಡುವ ಕಚೇರಿಯ ಹೆಸರೂ ಬದಲಾಗುತ್ತ ಬಂತು. ಇಷ್ಟೆಲ್ಲ ಬದಲಾದರೂ ಬದಲಾಗದೆ ಕುಳಿತಿರುವುದು ಗುಂಡಿಯೊಳಗಿನ ಪಾದರಸವೊಂದೇ. 30 ಎಂಬ ಅಂಕಿಗೆ ಶಾಸ್ತ್ರಾಧಾರ ಕೇಳಿದರೆ ಕೊಡಲಾರೆವು. ಒಂದು ತಲೆಮಾರು ಎಂದು ಹಿಡಿದಿದ್ದೇವೆ, ಅಷ್ಟೆ.

ನಮ್ಮವರಲ್ಲಿ ಹಲವರು, ‘ನಮಗೇಕೆ ಈ ಊರ ಉಸಾಬರಿ? ಬಂದದ್ದು ದುಡಿಯಲಿಕ್ಕೆ’ ಎನ್ನುತ್ತಾರೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಹಾಗೆನ್ನಲಾರರು. ಅದು ಹಾಗಿರಲಿ, ನಮ್ಮ ಊರ ಉಸಾಬರಿಯನ್ನಾದರೂ ಮಾಡಬೇಕಷ್ಟೆ? ಕಾರವಾರದ ಬಿಣಗಾದಲ್ಲಿ 1970ರ ದಶಕದಲ್ಲಿ ಪ್ರಾರಂಭವಾದ ಕಾಸ್ಟಿಕ್ ಸೋಡ ಕಾರ್ಖಾನೆ ರನ್‌ಕಾರ್ನಿನ ಹಾಗೆಯೇ ಪಾದರಸದ ಕೋಶಗಳನ್ನು ಬಳಸುತ್ತಿತ್ತು. ಅದರ ನೀರು ಬಿಣಗಾ ಕೊಲ್ಲಿಗೆ ಹೋಗುತ್ತಿತ್ತು. ಅಲ್ಲಿಯ ಬಂಡೆಗಳ ಪಚ್ಚಿಲೆಗಳನ್ನೂ ತಳದ ಕೆಸರನ್ನೂ ತೆಗೆದು ವರ್ಷಗಟ್ಟಲೆ ಪಾದರಸ ಅಳೆದವರು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ನಮ್ಮವರೇ. ಪಚ್ಚಿಲೆ ಒಂದೇ ಕಡೆ ಕುಳಿತು ದಿನವೆಲ್ಲ ನೀರು ಸೋಸುವ ಜೀವಿ. ಯಾವ ಯಂತ್ರಕ್ಕೂ ಕಡಿಮೆಯಿಲ್ಲದ ಕಾವಲುಗಾರ. ಆ ಕೆಲಸಕ್ಕೆ ಊರಿನಲ್ಲಿ ಸಿಕ್ಕ ಪ್ರಚಾರ ಕಡಿಮೆ. ಮಂಗಳೂರಿನ ಪಣಂಬೂರಿನಲ್ಲಿ 1974ರಲ್ಲಿ ದೊಡ್ಡ ಬಂದರುಗಳ ಸಾಲಿಗೆ ಸೇರಿದ ನವಮಂಗಳೂರು ಬಂದರಿದೆ. ಮಳೆಗಾಲದಲ್ಲಿ ತುಂಬುವ ಹೂಳನ್ನು ಎತ್ತದೆ ಅದು ನಡೆಯದು, ಎತ್ತಿದ್ದು ಸಮುದ್ರಕ್ಕೇ ಹೋಗಬೇಕು. ಅಲ್ಲಿಯ ಹೂಳು ಮರ್ಸಿಯ ಹೂಳಿನಷ್ಟು ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಇನ್ನೂ ಕೆಡದಿರುವಾಗಲೇ ‘ಮೊದಲು’ ಎಂಬ ಅಳತೆಯನ್ನು ಗಟ್ಟಿಯಾಗಿ ಮಾಡಿಟ್ಟುಕೊಳ್ಳುವುದು ಸುಲಭ ಎನ್ನುತ್ತಿದ್ದೇವೆ. ಬಂಗುಡೆ, ಮರುವಾಯಿ, ಬಳಚು ತಿಂದು ಬೆಳೆಯುವ ಮಕ್ಕಳ ಸಂಖ್ಯೆ ಅಲ್ಲಿ ಇಲ್ಲಿಗಿಂತ ಎಷ್ಟೋ ಪಾಲು ಹೆಚ್ಚು.

ಇಲ್ಲಿ ಮಾಡಬಹುದಾದ ಕೆಲಸವೊಂದಿದೆ. ಸಮುದ್ರಕ್ಕೆ ಹೂಳು ಹಾಕಲು ಅನುಮತಿ ಕೊಡುವ ಮರೀನ್ ಮ್ಯಾನೇಜ್‌ಮೆಂಟ್ ಆರ್ಗನೈಸೇಷನ್‌ನ ಮುಖ್ಯ ಕಚೇರಿ ನ್ಯೂಕ್ಯಾಸಲಿನಲ್ಲಿದೆ. ಅದರ ದಾಖಲೆಯಲ್ಲಿ ಅರ್ಜಿಗಳನ್ನು ಯಾರು ಬೇಕಾದರೂ ನೋಡಬಹುದು, ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಬರೆದು ಕಳಿಸಬಹುದು. ಪೌರತ್ವದ ಪತ್ರ ತೋರಿಸಬೇಕಾಗಿಲ್ಲ. ದೊಡ್ಡ ಪ್ರಬಂಧವೂ ಬೇಡ. ಮೊದಲ ಅಳತೆ ಎಲ್ಲಿದೆ, ಮಾದರಿ ಎಷ್ಟು, ಹೊದಿಕೆ ಮುಗಿದ ಮೇಲೆ ಅಳೆಯುವವರು ಯಾರು, ಎಂದು ಅರ್ಧ ಪುಟ ಬರೆದರೂ ಅದು ಕಡತಕ್ಕೆ ಸೇರುತ್ತದೆ. ಮರ್ಸಿ ಅಥವಾ ಹಂಬರಿಗೆ ಸಂಬಂಧಿಸಿದ ಅರ್ಜಿಯೊಂದನ್ನು ಕೂತು ಓದಲು ಆಸಕ್ತಿಯಿರುವ ಸದಸ್ಯರು ಕಾರ್ಯದರ್ಶಿಗಳ ಮೂಲಕ ತಿಳಿಸಿದರೆ, ಮುಂದಿನ ಕನ್ನಡ ತರಗತಿಯ ಭಾನುವಾರ, ಮಕ್ಕಳು ಪಾಠದಲ್ಲಿರುವ ಆ ಎರಡು ಗಂಟೆ, ಪಕ್ಕದ ಕೋಣೆಯಲ್ಲಿ ಸೇರಬಹುದು. ಕೋಷ್ಟಕಗಳನ್ನು ಓದುವ ರೀತಿಯನ್ನು ನಾವು ತೋರಿಸಿಕೊಡುತ್ತೇವೆ. ಕಾಫಿಯ ಫ್ಲಾಸ್ಕನ್ನು ಮಾತ್ರ ಯಾರಾದರೂ ತರಬೇಕು.